ಏಳು ನಿಮಿಷದ ಕಾಲ್ದಾರಿ

ಸೊಸೆ ಹುಟ್ಟಿನಿಂದಲೇ ಹೆದರುಪುಕ್ಕಲಿ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಹುಟ್ಟಿದಾಗ ಅವರೇನೂ ಅಲ್ಲಿರಲಿಲ್ಲ, ಅದು ಬೇರೆ ಮಾತು. ಆದರೆ ಇಪ್ಪತ್ಮೂರು ವರ್ಷದಿಂದ ಒಂದೇ ಮನೆಯಲ್ಲಿದ್ದು ನೋಡಿದ್ದರಲ್ಲ. ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲು ಇಳಿದವಳು ಮತ್ತೆ ಹತ್ತಿ ಬೀಗ ಜಗ್ಗಿ ನೋಡುತ್ತಿದ್ದಳು. ಮಗಳು ಕಾಲೇಜಿನಿಂದ ಬರುವುದು ಹತ್ತು ನಿಮಿಷ ತಡವಾದರೆ ಕಿಟಕಿಗೂ ಬಾಗಿಲಿಗೂ ನಡೆದು ನೆಲ ಸವೆಸುತ್ತಿದ್ದಳು. ಗಂಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದ. ಅವನು ಮನೆಗೆ ಬಂದ ತಕ್ಷಣ ಕೈ ತೊಳೆದನೋ ಇಲ್ಲವೋ ಎಂದು ಎರಡು ಸಲ ಕೇಳುತ್ತಿದ್ದಳು. ಪುಕ್ಕಲು ಎನ್ನುವುದನ್ನೇ ಮೊಟಕು ಮಾಡಿ ಅತ್ತೆ ಅವಳನ್ನು ಪುಕ್ಕಿ ಎಂದು ಕರೆಯುತ್ತಿದ್ದರು. ಬೈಗುಳವಾಗಿ ಶುರುವಾದ ಹೆಸರು ಕಾಲಕ್ರಮದಲ್ಲಿ ಮುದ್ದಿನ ಹೆಸರಾಗಿತ್ತು.

ಹೊರಗೆ ಎಲ್ಲರೂ ಅವಳನ್ನು ಟೈಮಕ್ಕ ಎನ್ನುತ್ತಿದ್ದರು. ಬಸ್ ಇಲಾಖೆಯ ವೇಳಾಪಟ್ಟಿ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕೂತವಳು ಅವಳು. ಮೇಜಿನಷ್ಟು ಉದ್ದದ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆದು, ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂದು ಗುರುತು ಮಾಡುವ ಕೆಲಸ. ಕಾರ್ಖಾನೆ ಪಾಳಿಯ ಬಸ್ಸಿಗೆ ಕೆಂಪು, ಶಾಲೆ ಇದ್ದ ದಿನ ಮಾತ್ರ ಓಡುವುದಕ್ಕೆ ನೀಲಿ. ಅವಳ ಹೆದರಿಕೆ ಅಲ್ಲಿ ಚಿನ್ನದಂತೆ ಉಪಯೋಗಕ್ಕೆ ಬಂತು. “ಆಯಮ್ಮ ನೋಡಿ ಬಿಟ್ಟ ಹಾಳೇಲಿ ತಪ್ಪು ಹುಡುಕೋದು ದಂಡ ಕಣ್ರೀ” ಎಂದು ಮೇಲಧಿಕಾರಿ ಹೇಳುತ್ತಿದ್ದ. ಕೊನೆಗೆ ಒಂದು ದಿನ ಇಡೀ ವಿಭಾಗವನ್ನೇ ಮುಚ್ಚಿ, ಅವಳನ್ನು ಪಾರ್ಸೆಲ್ ಕೌಂಟರಿಗೆ ಹಾಕಿದರು.

ಆ ಕೌಂಟರಿಗೇ ಅವಳನ್ನು ಹುಡುಕಿಕೊಂಡು ಬಂದವನು ಒಬ್ಬ ಗಡ್ಡದ ತರುಣ. ವೇಳಾಪಟ್ಟಿ ಕೊಡಿ ಎಂದು ಇಲಾಖೆಗೆ ಐದು ಸಲ ಅಲೆದು ಚಪ್ಪಲಿ ಸವೆಸಿದ್ದವನು. “ಅಕ್ಕ, ಹಾಳೆಗಳನ್ನ ಅವರು ಕೊಡಲ್ಲ. ನಿಮ್ಮ ತಲೇಲಿ ಇರೋದನ್ನ ನೀವು ಕೊಡ್ತೀರಾ?” ಎಂದು ನೇರವಾಗಿ ಕೇಳಿದ. ಅವನಿಗೆ ಒಂದು ಆ್ಯಪ್ ಮಾಡಬೇಕಿತ್ತು. ನೆಟ್ ಇಲ್ಲದ ಊರಿನಲ್ಲೂ ಮೊಬೈಲು ತೆರೆದರೆ ಇಲ್ಲಿಂದ ಅಲ್ಲಿಗೆ ಯಾವ ಬಸ್ಸು ಹಿಡಿಯಬೇಕು, ಎಲ್ಲಿ ಇಳಿದು ಎಲ್ಲಿ ಹತ್ತಬೇಕು ಎಂದು ಹೇಳುವಂಥದ್ದು. ಬೆಟ್ಟದ ಹಿಂದಿನ ಊರುಗಳಿಗೆ ಸಿಗ್ನಲ್ಲೇ ಇರಲಿಲ್ಲ. ಅಲ್ಲಿಗೆ ಓಡಾಡುವ ದಾದಿಯರು, ಮೀಟರ್ ಓದುವವರು, ರಿಪೇರಿ ಮಾಡುವವರು ಬಸ್ಸು ತಪ್ಪಿಸಿಕೊಂಡು ಗಂಟೆಗಟ್ಟಲೆ ಕೂರುವುದು ಟೈಮಕ್ಕನಿಗೆ ಗೊತ್ತಿತ್ತು. ಒಂದು ವಾರ ಹೆದರಿ, ಎಂಟನೆಯ ದಿನ ಕೌಂಟರಿನ ಕೆಲಸ ಬಿಟ್ಟು ಒಪ್ಪಿಕೊಂಡಳು.

ಛಾಪಖಾನೆಯೊಂದರ ಮೇಲಿನ ಒಂದೂವರೆ ಕೋಣೆಯೇ ಅವರ ಕಚೇರಿ. ಕೆಳಗೆ ಯಂತ್ರ ಓಡುವಾಗ ಟೀ ಲೋಟ ಮೇಜಿನ ಮೇಲೆ ತಾನಾಗಿ ಸರಿಯುತ್ತಿತ್ತು. ಅವನು ಅವಳನ್ನು ಅಕ್ಕ ಎಂದರೆ, ಅವಳು ತಮಾಷೆಗೆ ಅವನನ್ನು ಯಜಮಾನರೇ ಎನ್ನುತ್ತಿದ್ದಳು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಮಗಳ ಪಠ್ಯಪುಸ್ತಕ ಇಟ್ಟುಕೊಂಡು ಪ್ರೋಗ್ರಾಂ ಬರೆಯುವುದನ್ನು ಕಲಿತಳು. ಅವಳಿಗೆ ಅದು ಅಷ್ಟೇನೂ ಹೊಸದೆನಿಸಲಿಲ್ಲ. ನೆಟ್ ಇದ್ದರೆ ಲೆಕ್ಕವನ್ನು ಎಲ್ಲೋ ಇರುವ ದೊಡ್ಡ ಯಂತ್ರ ಮಾಡಿ ಕಳಿಸುತ್ತದೆ. ನೆಟ್ ಇಲ್ಲದಾಗ ಮೊಬೈಲು ಇಡೀ ವೇಳಾಪಟ್ಟಿಯನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು, ಲೆಕ್ಕವನ್ನೂ ತಾನೇ ಮಾಡಬೇಕು. ಒಂದೇ ಬಸ್ಸಿನಲ್ಲಿ ಎಲ್ಲಿಯವರೆಗೆ ಮುಟ್ಟಬಹುದು ಎಂದು ಮೊದಲು ನೋಡುವುದು, ಆಮೇಲೆ ಎರಡು ಬಸ್ಸಿನಲ್ಲಿ, ಆಮೇಲೆ ಮೂರರಲ್ಲಿ. ಅವಳು ಪೆನ್ಸಿಲು ಹಿಡಿದು ಮಾಡುತ್ತಿದ್ದುದೂ ಅದನ್ನೇ. ಹಳೆಯ ಮೊಬೈಲಿಗೂ ಭಾರವಾಗಬಾರದೆಂದು ಎಲ್ಲವನ್ನೂ ಹಿಂಡಿ ಹಿಂಡಿ, ನಾಲ್ಕು ಫೋಟೋಗಳಷ್ಟು ಜಾಗದಲ್ಲಿ ಅಡಕ ಮಾಡಿದರು.

ಅವಳ ನಿದ್ದೆ ಕೆಡಿಸಿದ್ದು ಬಸ್ಸುಗಳಲ್ಲ, ಕಾಲ್ದಾರಿಗಳು. ಒಂದು ನಿಲ್ದಾಣದಲ್ಲಿ ಇಳಿದು ಇನ್ನೊಂದಕ್ಕೆ ನಡೆದುಹೋಗುವ ದಾರಿಗಳು ಹನ್ನೊಂದು ಸಾವಿರಕ್ಕೂ ಹೆಚ್ಚಿದ್ದವು. ನಕ್ಷೆಯಲ್ಲಿ ಚುಕ್ಕಿ ಗೆರೆ ಇದ್ದರೆ ದಾರಿ ಇದೆ ಎಂದು ಅರ್ಥ, ಆದರೆ ಅದು ಎಂಥ ದಾರಿ? ನಾಲ್ಕು ತಿಂಗಳು ಒಂದೊಂದನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಮೂರು ಸಾವಿರ ಮುಗಿಯುವಷ್ಟರಲ್ಲಿ ಕಣ್ಣು ಉರಿಯತೊಡಗಿತು. ಒಂದು ಮಧ್ಯಾಹ್ನ ಯಜಮಾನ ಹೇಳಿದ, “ಅಕ್ಕ, ಅರ್ಧ ಕಿಲೋಮೀಟರಿಗಿಂತ ಕಡಿಮೆ ಇರೋದನ್ನೆಲ್ಲ ನೋಡದೇ ಬಿಟ್ಬಿಡೋಣ. ಗೇಣು ದೂರದಲ್ಲಿ ಏನಾಗತ್ತೆ?” ಅವಳಿಗೆ ತಲೆ ನೋಯುತ್ತಿತ್ತು. ಹೌದಲ್ಲ, ಏನಾಗುತ್ತದೆ ಎಂದುಕೊಂಡಳು. ಆ ನಿಯಮವನ್ನು ತನ್ನ ಕೈಯಾರೆ ಬರೆದಳು. ಎಲ್ಲಕ್ಕೂ ಹೆದರುವವಳು ಆ ಒಂದು ಸಲ ಹೆದರಲಿಲ್ಲ.

ಆ್ಯಪ್ ಹೊರಬಿದ್ದು ಎರಡು ತಿಂಗಳಿಗೆ ಆರು ಸಾವಿರ ಮೊಬೈಲುಗಳನ್ನು ಸೇರಿತು. ಮೂರನೆಯ ತಿಂಗಳ ಒಂದು ಬುಧವಾರ ಮಧ್ಯಾಹ್ನ, ಒಂದೂಕಾಲಿನ ಹೊತ್ತಿಗೆ, ಕಚೇರಿಗೆ ಫೋನು ಬಂತು. ಹೊಲಿಗೆ ಯಂತ್ರ ರಿಪೇರಿ ಮಾಡುವವನಂತೆ. ದೂರಲು ಮಾಡಿದ ಫೋನಲ್ಲ, ಹೊಗಳಲು ಮಾಡಿದ್ದು.

“ನಿಮ್ಗೆ ದೊಡ್ಡ ನಮಸ್ಕಾರ ಮೇಡಂ. ನಿನ್ನೆ ಶಾಲೆ ಕ್ರಾಸಲ್ಲಿ ಇಳಿದು ಹಳೇ ಗಿರಣಿ ಸ್ಟಾಪಿಗೆ ಏಳೇ ನಿಮಿಷ ಅಂತ ತೋರಿಸ್ತು. ಸೇತುವೆ ಸುತ್ತಿ ಬಂದಿದ್ರೆ ಮುಕ್ಕಾಲು ಗಂಟೆ! ಹೊಳೆ ಒಳಗೇ ನಡೆದು ಬಂದ್ಬಿಟ್ಟೆ, ಬಸ್ಸು ಸಿಕ್ತು.”

“ಹೊಳೆ ಒಳಗಾ?” ಟೈಮಕ್ಕ ಕೇಳಿದಳು.

“ಒಣಗಿತ್ತು ಮೇಡಂ, ಬರೀ ಕಲ್ಲು. ಆದ್ರೆ ಒಂದು ತಮಾಷೆ ಕೇಳಿ. ಈಚೆ ದಡ ಹತ್ತಿ ಬೆವರು ಒರೆಸ್ಕೊಂಡು ಹಿಂದೆ ತಿರುಗಿ ನೋಡ್ತೀನಿ, ದಾರೀನೇ ಇಲ್ಲ! ಪೂರ್ತಿ ನೀರು. ಎಲ್ಲಿಂದ ಬಂತೋ ದೇವರೇ ಬಲ್ಲ.” ಅವನು ಗಹಗಹಿಸಿ ನಕ್ಕ.

ಅವಳು ನಗಲಿಲ್ಲ. ಫೋನು ಇಟ್ಟಳು. ಆ ಕಾಲ್ದಾರಿಯನ್ನು ಪರದೆಯ ಮೇಲೆ ತೆಗೆದು ನೋಡಿದಳು. ನಾನ್ನೂರ ಅರವತ್ತು ಮೀಟರು, ಅರ್ಧ ಕಿಲೋಮೀಟರಿಗೆ ನಲವತ್ತು ಕಡಿಮೆ. ಚುಕ್ಕಿ ಗೆರೆ ಹೊಳೆಯ ಈ ದಡದಿಂದ ಆ ದಡಕ್ಕೆ ನೆಟ್ಟಗೆ ಹೋಗಿತ್ತು. ಅಲ್ಲಿಂದ ಮೇಲಕ್ಕೆ ಬೆರಳಾಡಿಸಿದರೆ ಹೊಳೆಯ ತಲೆಯಲ್ಲಿ ಒಂದು ಅಣೆಕಟ್ಟು, ಅದರ ಬುಡದಲ್ಲಿ ಕರೆಂಟು ತಯಾರಿಸುವ ವಿದ್ಯುತ್ ಮನೆ.

ವಿದ್ಯುತ್ ಮನೆಗೆ ಫೋನು ಹತ್ತಿಸಲು ಹದಿನೈದು ನಿಮಿಷ ಹಿಡಿಯಿತು. ಎತ್ತಿಕೊಂಡವನು ಆರಾಮಾಗಿ ಏನನ್ನೋ ಅಗಿಯುತ್ತಿದ್ದ.

“ನೀರಾ? ದಿನಾ ನಾಲ್ಕಕ್ಕೆ ಬಿಡ್ತೀವಿ. ಸಂಜೆ ಕರೆಂಟು ಜಾಸ್ತಿ ಬೇಕಲ್ಲ. ಒಂದೊಂದಿನ ಮುಂಚೇನೂ ಬಿಡ್ತೀವಿ, ಮೇಲಿಂದ ಹೇಳಿದ ಹಾಗೆ.”

“ಇವತ್ತೊಂದಿನ ತಡ ಮಾಡಕ್ಕಾಗಲ್ವಾ? ಹೊಳೇಲಿ ಜನ ಇರಬಹುದು.”

“ಅದು ನಮ್ಮ ಕೈಲಿಲ್ಲಮ್ಮ. ಸೈರನ್ ಊದ್ತೀವಲ್ಲ, ಎದ್ದು ಹೋಗ್ತಾರೆ.”

“ಸೈರನ್ನು ಎಷ್ಟು ದೂರ ಕೇಳಿಸತ್ತೆ?”

ಅವನು ಯೋಚಿಸಿದ. “ನಮಗೆ ಚೆನ್ನಾಗಿ ಕೇಳಿಸತ್ತೆ” ಎಂದ.

ಯಜಮಾನ ಅಷ್ಟರಲ್ಲಿ ಆ ದಾರಿಯನ್ನು ಕಿತ್ತುಹಾಕಿ, ಆ್ಯಪಿನ ತಿದ್ದಿದ ಹೊಸ ಕಡತವನ್ನು ಮೊಬೈಲುಗಳಿಗೆ ಬಿಟ್ಟಿದ್ದ. “ಆಯ್ತು ಅಕ್ಕ, ಹೋಯ್ತು. ನೆಟ್ ಇರೋ ಫೋನಿಗೆಲ್ಲ ಸಂಜೆಯೊಳಗೆ ಮುಟ್ಟತ್ತೆ.”

“ನೆಟ್ ಇಲ್ಲದ್ದಕ್ಕೆ?”

ನೆಟ್ ಇಲ್ಲದವರಿಗಾಗಿಯೇ ಅಲ್ಲವೇ ಅವರು ಅದನ್ನು ಮಾಡಿದ್ದು? ಆ ಹೊಳೆಯ ಕಡೆಗೆ ಹೋಗುವವರು ಬೆಳಿಗ್ಗೆಯೇ ಸಿಗ್ನಲ್ ದಾಟಿ ಹೋಗಿರುತ್ತಾರೆ. ತಪ್ಪು ಅವರ ಜೇಬಿನಲ್ಲೇ ಇದೆ, ಅದನ್ನು ಕೂಗಿ ವಾಪಸು ಕರೆಯುವಂತಿಲ್ಲ. ಯಾರು, ಎಷ್ಟು ಜನ, ಎಲ್ಲಿದ್ದಾರೆ ಎಂದು ತಿಳಿಯುವಂತೆಯೂ ಇಲ್ಲ. ಜನ ಎಲ್ಲಿ ಓಡಾಡುತ್ತಾರೆ ಎಂಬುದನ್ನು ಕದ್ದು ನೋಡುವುದಿಲ್ಲ ಎಂದು ಅವರೇ ಹೆಮ್ಮೆಯಿಂದ ಮೊದಲ ಪುಟದಲ್ಲಿ ಬರೆದಿದ್ದರು.

ಟೈಮಕ್ಕನಿಗೆ ಆ ಭಾಗದ ಬಸ್ಸುಗಳು ಬಾಯಿಪಾಠ. ಗಿರಣಿ ದಡಕ್ಕೆ ಮೂರೂ ನಲವತ್ತಕ್ಕೆ ಒಂದು ಬರುತ್ತದೆ. ಶಾಲೆ ದಡಕ್ಕೆ ಮೂರೂಮುಕ್ಕಾಲಿಗೆ ಒಂದು. ಅದರಿಂದ ಇಳಿದವನಿಗೆ ಆ್ಯಪ್ ಹೇಳುವುದೇನೆಂದರೆ, ಏಳು ನಿಮಿಷ ನಡೆ, ಆಚೆ ದಡದಲ್ಲಿ ನಾಲ್ಕೂ ಐದರ ಬಸ್ಸು ಹಿಡಿ. ಏಳು ನಿಮಿಷ ಎಂದರೆ ಯಾರ ಕಾಲಿಗೆ ಏಳು ನಿಮಿಷ? ಕಲ್ಲಿನ ಮೇಲೆ ನಡೆಯುವ ಮುದುಕರಿಗೆ? ಮಗು ಎತ್ತಿಕೊಂಡವರಿಗೆ?

ಪೊಲೀಸ್ ಠಾಣೆಗೆ ಫೋನು ಮಾಡಿದರೆ ಬರೆದು ಕೊಡಿ ಎಂದರು. ಆಗ ಅವಳು ಮೂಲೆಯಲ್ಲಿದ್ದ ಕೊಡೆ ಎತ್ತಿಕೊಂಡಳು. “ಒಂದೂ ಐವತ್ತರ ಬಸ್ಸಿಗೆ ನಾನು ಗಿರಣಿ ದಡಕ್ಕೆ ಹೋಗ್ತೀನಿ. ನೀವು ಸ್ಕೂಟರಲ್ಲಿ ಶಾಲೆ ದಡಕ್ಕೆ ಹೋಗಿ. ಮೂರೂಮುಕ್ಕಾಲರ ಒಳಗೆ ಅಲ್ಲಿರಬೇಕು ಯಜಮಾನರೇ. ಒಬ್ಬರನ್ನೂ ಕೆಳಗೆ ಇಳಿಯಕ್ಕೆ ಬಿಡಬೇಡಿ.”

ಯಜಮಾನ ಎಂಬ ಮಾತಿನಲ್ಲಿ ಅವತ್ತು ತಮಾಷೆ ಇರಲಿಲ್ಲ.

ಆ ಬಸ್ಸಿನ ಪ್ರಯಾಣವನ್ನು ನೆನೆದರೆ ಅವಳ ಬಾಯಿ ಈಗಲೂ ಒಣಗುತ್ತದೆ. ಬೆಟ್ಟದ ತಿರುವುಗಳು ಶುರುವಾದಂತೆ ಸಿಗ್ನಲ್ಲು ಹೋಯಿತು. ಮುಂದಿನ ಸೀಟಿನ ಹುಡುಗಿ ಮೊಬೈಲು ತೆಗೆದರೆ ಸಾಕು, ಇವಳು ಕತ್ತು ಚಾಚಿ ನೋಡುತ್ತಿದ್ದಳು. ಹಾಡು ಕೇಳಲು ತೆಗೆದದ್ದು ಎಂದು ಗೊತ್ತಾದಾಗ ಉಸಿರು ಬಿಡುತ್ತಿದ್ದಳು. ಬಸ್ಸು ಒಂದು ಕಡೆ ಎಮ್ಮೆಗಳಿಗೆ ದಾರಿ ಬಿಟ್ಟು ನಿಂತಿತು. ನಾಲ್ಕು ನಿಮಿಷ ತಡ. ಇನ್ನೊಂದು ಕಡೆ ಚಾಲಕ ಇಳಿದು ಯಾರ ಜೊತೆಗೋ ಮಾತಿಗೆ ನಿಂತ. ಇನ್ನೂ ಮೂರು. ಹತ್ತೊಂಬತ್ತು ವರ್ಷ ಹಾಳೆಯ ಮೇಲೆ ಗೆರೆ ಎಳೆಯುವಾಗ ಇಂಥ ಮೂರು ನಿಮಿಷಕ್ಕೆ ಅವಳು ಜಾಗ ಬಿಡುತ್ತಲೇ ಇದ್ದಳು. ಇವತ್ತು ಆ ಒಂದೊಂದು ನಿಮಿಷವನ್ನೂ ಯಾರೋ ತನ್ನ ಮೈಯಿಂದ ಕಿತ್ತುಕೊಂಡ ಹಾಗೆ ಅನ್ನಿಸುತ್ತಿತ್ತು.

ಹಳೇ ಗಿರಣಿ ನಿಲ್ದಾಣದಲ್ಲಿ ಇಳಿದಾಗ ಮೂರೂ ಮೂವತ್ತೇಳು. ಒಂದು ಸಿಮೆಂಟಿನ ಬೆಂಚು, ತಗಡಿನ ಮಾಡು, ಹಿಂದೆ ಬಾಗಿಲು ಕಿತ್ತುಹೋದ ಗಿರಣಿ. ನರಪಿಳ್ಳೆಯೂ ಇರಲಿಲ್ಲ. ದಡದ ಅಂಚಿಗೆ ಹೋಗಿ ಕೆಳಗೆ ನೋಡಿದಳು.

ಹೆದರಿಸುವಂಥದ್ದು ಅಲ್ಲಿ ಏನೂ ಕಾಣಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಅಗಲವಾದ ಹೊಳೆ, ಬೆಳ್ಳಗೆ ಒಣಗಿದ ಕಲ್ಲುಗಳು, ಅಲ್ಲಲ್ಲಿ ನಿಂತ ನೀರು, ನೀರಿನ ಅಂಚಿನಲ್ಲಿ ಕೊಕ್ಕರೆಗಳು. ಕಲ್ಲುಗಳ ನಡುವೆ ಜನ ನಡೆದು ನಡೆದು ಸವೆದ ಹಾದಿ ಸ್ಪಷ್ಟವಾಗಿ ಕಾಣುತ್ತಿತ್ತು. ಊರಿನವರು ಬೆಳಿಗ್ಗೆ ಅದರಲ್ಲೇ ಓಡಾಡುತ್ತಿರಬೇಕು, ಮಧ್ಯಾಹ್ನದ ಮೇಲೆ ಇಳಿಯಬಾರದು ಎಂಬುದು ಅವರಿಗೆ ಹುಟ್ಟಿನಿಂದ ಗೊತ್ತಿರಬೇಕು. ಪರ ಊರಿನವರಿಗೆ ಹೇಳುವವರು ಯಾರು? ಆದರೆ ಅವಳ ಕಣ್ಣು ಒಂದು ಬಂಡೆಯ ಮೇಲೆ ನಿಂತಿತು. ಆಳೆತ್ತರದ ಬಂಡೆ, ಅದರ ನೆತ್ತಿಗೆ ಒಂದು ಮೊಳ ಕೆಳಗಿನವರೆಗೂ ಹಸಿರು ಪಾಚಿ.

ಮೂರೂ ನಲವತ್ತರ ಬಸ್ಸು ಬಂತು. ಒಬ್ಬ ಹೆಂಗಸು, ಒಬ್ಬ ಗಂಡಸು, ಒಂದು ಸೈಕಲ್ ಟಯರು. ಅವರು ಹೊಳೆಯ ಕಡೆ ತಿರುಗಿಯೂ ನೋಡದೆ ಊರೊಳಗಿನ ದಾರಿ ಹಿಡಿದರು. ಟೈಮಕ್ಕ ಇನ್ನೇನು ಬೆಂಚಿನ ಮೇಲೆ ಕೂರಬೇಕು, ಆಚೆ ದಡದಲ್ಲಿ ಧೂಳೆದ್ದಿತು. ಶಾಲೆ ಕ್ರಾಸಿನ ಬಸ್ಸು. ಧೂಳು ಇಳಿದಾಗ ಒಬ್ಬ ಮನುಷ್ಯ ನಿಂತಿದ್ದ. ಅವಳು ಸ್ಕೂಟರಿಗಾಗಿ ಹುಡುಕಿದಳು, ದಡದುದ್ದಕ್ಕೂ ಕಣ್ಣಾಡಿಸಿದಳು. ಸ್ಕೂಟರಿನ ಸುಳಿವೇ ಇರಲಿಲ್ಲ.

ಆ ಮನುಷ್ಯ ಕೈಯನ್ನು ಮುಖದ ಹತ್ತಿರ ತಂದು ಏನನ್ನೋ ನೋಡಿದ. ಆಮೇಲೆ ಕೆಳಗೆ ಇಳಿಯತೊಡಗಿದ.

“ಇಳೀಬೇಡಿ! ಅಲ್ಲೇ ನಿಲ್ಲಿ!” ಗಂಟಲು ಹರಿಯುವಂತೆ ಕೂಗಿದಳು. ಕೊಡೆ ಬಿಚ್ಚಿ ಬೀಸಿದಳು. ಅವನು ತಲೆ ಎತ್ತಲಿಲ್ಲ. ಮೊಬೈಲು ನೋಡುತ್ತ, ಕಲ್ಲು ನೋಡುತ್ತ, ಕೋಲೂರಿಕೊಂಡು ಬರುತ್ತಿದ್ದ. ಮುದುಕ. ಒಂದು ಕಲ್ಲಿಗೆ ಒಂದು ಉಸಿರು ಎಂಬಂತೆ ನಡೆಯುತ್ತಿದ್ದ. ಈ ನಡಿಗೆಗೆ ಇಪ್ಪತ್ತು ನಿಮಿಷ ಬೇಕು ಎಂದು ಅವಳ ತಲೆ ತಾನಾಗಿ ಲೆಕ್ಕ ಹಾಕಿತು. ಕೈಗಡಿಯಾರದಲ್ಲಿ ಮೂರೂ ಐವತ್ತೆರಡು.

ಅವಳು ಯಾವಾಗ ತೀರ್ಮಾನ ಮಾಡಿದಳೋ ಅವಳಿಗೇ ತಿಳಿಯದು. ಕಾಲು ಆಗಲೇ ಇಳಿದಿತ್ತು, ಅವಳು ಮಾತ್ರ ಇನ್ನೂ ದಡದ ಮೇಲೆಯೇ ಇದ್ದಂತಿತ್ತು. ಬೇಡ, ಬೇಡ, ಬೇಡ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಓಡಿದಳು. ಪಾಚಿಗಟ್ಟಿದ ಕಲ್ಲಿನ ಮೇಲೆ ಒಮ್ಮೆ ಜಾರಿ ಮೊಣಕಾಲು ತರಚಿತು. ಬಲಗಡೆ, ಹೊಳೆ ತಿರುಗುವಲ್ಲಿ, ಏನಾದರೂ ಕಾಣುತ್ತದೆಯೇ ಎಂದು ನಾಲ್ಕು ಹೆಜ್ಜೆಗೊಮ್ಮೆ ನೋಡುತ್ತಿದ್ದಳು. ಮೈಯೆಲ್ಲ ಕಿವಿಯಾಗಿತ್ತು. ತನ್ನ ಉಸಿರಿನ ಸದ್ದು ಬಿಟ್ಟರೆ ಇನ್ನೇನೂ ಕೇಳುತ್ತಿರಲಿಲ್ಲ.

ನಡುಹೊಳೆಗಿಂತ ಸ್ವಲ್ಪ ಈಚೆ ಇಬ್ಬರೂ ಎದುರಾದರು. ಎಪ್ಪತ್ತು ದಾಟಿದ ಮನುಷ್ಯ, ಹೆಗಲಿಗೆ ಬಟ್ಟೆಯ ಚೀಲ, ಬೆರಳುಗಳ ಮೇಲೆ ನೀಲಿ ಬಣ್ಣದ ಕಲೆ. ಡ್ರಾಯಿಂಗ್ ಮೇಷ್ಟ್ರಾಗಿದ್ದವರು ಎಂದು ಆಮೇಲೆ ತಿಳಿಯಿತು.

“ನೀರು ಬಿಡ್ತಾರೆ! ನಡೀರಿ, ನನ್ನ ಜೊತೆ ನಡೀರಿ!”

“ಏನಮ್ಮ?” ಅವರು ಕಿವಿಗೆ ಕೈ ಅಡ್ಡ ಹಿಡಿದರು. “ನಾಲ್ಕೂ ಐದರದ್ದಾ? ಗೊತ್ತು, ಗೊತ್ತು. ಸಿಗತ್ತೆ.”

“ಬಸ್ಸಲ್ಲ! ನೀರು!”

“ನೀರು ಬೇಕಾ? ಇದೆ, ತಾಳಿ.” ಚೀಲದೊಳಗೆ ಕೈ ಹಾಕಿ ಬಾಟಲಿ ಹುಡುಕತೊಡಗಿದರು.

ಅವಳು ಚೀಲವನ್ನೇ ಹಿಡಿದು ಎಳೆದಳು. ಮೇಷ್ಟ್ರ ಮುಖ ಬದಲಾಯಿತು. ಚೀಲವನ್ನು ಎದೆಗೆ ಅವುಚಿಕೊಂಡು, “ಕಳ್ಳಿ! ಬಿಡೇ! ಹಾಡಹಗಲಲ್ಲಿ!” ಎಂದು ಕೋಲಿನಿಂದ ಅವಳ ತೋಳಿಗೆ ಬಾರಿಸಿದರು. ಎರಡನೆಯ ಏಟು ಮಣಿಕಟ್ಟಿಗೆ ಬಿತ್ತು. ಅವಳು ಬಿಡಲಿಲ್ಲ. ಬಿಡದೆ ಅಳುತ್ತಿದ್ದಳು. ಆಗ ದೂರದಿಂದ ಸಣ್ಣಗೆ, ಎಲ್ಲೋ ಕಟ್ಟಿಹಾಕಿದ ಕರು ಕೂಗಿದಂತೆ, ಒಂದು ಸದ್ದು ಬಂತು. ಸೈರನ್. ಅವರಿಗೆ ಅದು ಕೇಳಲೇ ಇಲ್ಲ.

ಕಿವಿ ಮಂದವಾದರೂ ಅವರ ಕಣ್ಣು ಚುರುಕಾಗಿತ್ತು. ನಿಂತ ನೀರಿನ ಅಂಚಿನಲ್ಲಿದ್ದ ಕೊಕ್ಕರೆಗಳೆಲ್ಲ ಒಮ್ಮೆಗೇ ಎದ್ದವು. ಮೇಷ್ಟ್ರ ಕೋಲು ಗಾಳಿಯಲ್ಲೇ ನಿಂತಿತು. ಹಕ್ಕಿಗಳನ್ನು ನೋಡಿದರು, ಹೊಳೆಯ ತಿರುವನ್ನು ನೋಡಿದರು, ಆಮೇಲೆ ಪಕ್ಕದ ಬಂಡೆಯ ಮೇಲಿನ ಹಸಿರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಅವಳ ಕೈ ಹಿಡಿದುಕೊಂಡರು.

ನೀರು ಗೋಡೆಯ ಹಾಗೆ ಬರುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಅದು ಹಾಗೆ ಬರಲಿಲ್ಲ, ಕಳ್ಳನ ಹಾಗೆ ಬಂತು. ಮೊದಲು ಕಲ್ಲುಗಳ ಸಂದಿಯಲ್ಲಿ ಗುಳುಗುಳು ಸದ್ದು, ಹಸಿಮಣ್ಣಿನ ತಣ್ಣನೆಯ ವಾಸನೆ. ಮುಂದಿನ ಹೆಜ್ಜೆ ಇಟ್ಟಾಗ ಪಾದ ಒದ್ದೆ. ಅದರ ಮುಂದಿನದಕ್ಕೆ ಹಾದಿಯೇ ಕಾಣುತ್ತಿರಲಿಲ್ಲ, ಕಾಲಿನಿಂದ ತಡವಿ ತಡವಿ ಕಲ್ಲು ಹುಡುಕಬೇಕಿತ್ತು. ಚಪ್ಪಲಿ ಕಳಚಿಕೊಂಡು ಹೋಯಿತು. ಕೊಡೆಯನ್ನು ಊರುಗೋಲು ಮಾಡಿಕೊಂಡಿದ್ದಳು, ಅದನ್ನೂ ನೀರು ಕಿತ್ತುಕೊಂಡಿತು. ಮೊಣಕಾಲಿನವರೆಗೆ ಏರಿದಾಗ ಕೆಳಗಿನ ಸೆಳೆತ ಎರಡೂ ಕಾಲುಗಳನ್ನು ಹಗ್ಗ ಕಟ್ಟಿ ಎಳೆದಂತಿತ್ತು. ಮೇಷ್ಟ್ರು ಒಮ್ಮೆ ಮುಗ್ಗರಿಸಿದರು. ಅವರ ಭಾರವೆಲ್ಲ ಅವಳ ಏಟು ಬಿದ್ದ ತೋಳಿನ ಮೇಲೆ ಬಂತು. ಮಗಳ ಮುಖ ಕಣ್ಣಮುಂದೆ ಬರುತ್ತದೆಂದು ಕಾದಳು. ಏನೂ ಬರಲಿಲ್ಲ. ಮುಂದಿನ ಕಲ್ಲು ಎಲ್ಲಿ, ಮುಂದಿನ ಕಲ್ಲು ಎಲ್ಲಿ, ಅಷ್ಟೇ ಇತ್ತು ತಲೆಯಲ್ಲಿ.

ದಡದ ಹುಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಬಿದ್ದರು. ಹಿಂದೆ ತಿರುಗಿದರೆ ದಡದಿಂದ ದಡಕ್ಕೆ ಕಂದು ನೀರು. ಆಳೆತ್ತರದ ಬಂಡೆಯ ನೆತ್ತಿ ಮಾತ್ರ ಒಂದು ಬಟ್ಟಲು ಮಗುಚಿ ಹಾಕಿದಷ್ಟು ಕಾಣುತ್ತಿತ್ತು.

ಇಬ್ಬರೂ ಬಟ್ಟೆಯ ನೀರು ಹಿಂಡಿಕೊಂಡರು. ಕೊನೆಗೆ ಮೇಷ್ಟ್ರು ಜೇಬಿನಿಂದ ಮೊಬೈಲು ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ಏಳು ನಿಮಿಷ ಅಂತು ಇದು.”

ಸುಮ್ಮನಿರಬಹುದಿತ್ತು. ಅವರಿಗೆ ಯಾರು ಹೇಳುತ್ತಿದ್ದರು? ಆದರೆ ಅವಳು ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು, “ಅದನ್ನ ಬರೆದದ್ದು ನಾನೇ. ನೋಡದೇ ಬಿಟ್ಟದ್ದು ನಾನೇ.”

ಅವರು ಅವಳನ್ನು ದಿಟ್ಟಿಸಿ ನೋಡಿದರು. ಬೈಯಲಿಲ್ಲ. ಮೆಲ್ಲಗೆ, ತಮಗೇ ಹೇಳಿಕೊಳ್ಳುವಂತೆ ಹೇಳಿದರು, “ಮೊಮ್ಮಗಳನ್ನ ಕರ್ಕೊಂಡು ಬರೋನಿದ್ದೆ. ಐದು ವರ್ಷ ಅವಳಿಗೆ. ಬೆಳಿಗ್ಗೆ ಜ್ವರ ಬಂತು ಅಂತ ಬಿಟ್ಟು ಬಂದೆ.”

ಟೈಮಕ್ಕ ಎದ್ದು ಗಿರಣಿಯ ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು.

ಅವಳು ವಾಪಸು ಬರುವಾಗ ಆಚೆ ದಡದಲ್ಲಿ ಸ್ಕೂಟರು ಕಾಣಿಸಿತು. ಆರು ಕಿಲೋಮೀಟರು ಹಿಂದೆ ಅದರ ಟಯರು ಪಂಚರ್ ಆಗಿ, ಯಜಮಾನ ಅದನ್ನು ತಳ್ಳಿಕೊಂಡೇ ಬಂದಿದ್ದ. ದಾರಿಯಲ್ಲಿ ಎದುರಾದ ಬಸ್ಸಿನ ಚಾಲಕನನ್ನು ಕೇಳಿದಾಗ, ಒಬ್ಬ ವಯಸ್ಸಾದವರು ಶಾಲೆ ಕ್ರಾಸಲ್ಲಿ ಇಳಿದು ಹೊಳೆಯ ಕಡೆ ಹೋದರು ಎಂದಿದ್ದ. ಈಗ ಅವನಿಗೆ ಕಾಣುತ್ತಿದ್ದದ್ದು ತುಂಬಿದ ಹೊಳೆ, ಈಚೆ ದಡದಲ್ಲಿ ಒಬ್ಬಳೇ ನಿಂತ ಅಕ್ಕ. ಮೇಷ್ಟ್ರು ಮಾಡಿನ ಕೆಳಗೆ ಬೆಂಚಿನ ಮೇಲೆ ಮಲಗಿದ್ದರು. ಯಜಮಾನ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನೀರಿನ ಅಂಚಿನಲ್ಲಿ ಅತ್ತಿಂದಿತ್ತ ಓಡುತ್ತಿದ್ದ. ಕೂಗಿದರೆ ಕೇಳುವಂತಿರಲಿಲ್ಲ. ಅವಳು ಎರಡು ಬೆರಳು ಎತ್ತಿ ತೋರಿಸಿದಳು, ಬೆಂಚಿನ ಕಡೆ ಕೈ ಮಾಡಿದಳು, ಮತ್ತೆ ಎರಡು ಬೆರಳು ಎತ್ತಿದಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತಲೆಯ ಮೇಲಿನ ಕೈ ಇಳಿಸಿ, ತಾನೂ ಎರಡು ಬೆರಳು ಎತ್ತಿ ತೋರಿಸಿದ.

ಆ ಸಂಜೆ ಬರಿಗಾಲಲ್ಲಿ, ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದ ಸೊಸೆಯನ್ನು ಅತ್ತೆ ಅಡಿಯಿಂದ ಮುಡಿಯವರೆಗೆ ನೋಡಿದರು.

“ಏನೇ ಇದು ಪುಕ್ಕಿ? ತೋಳೆಲ್ಲ ಕಪ್ಪಗಾಗಿದೆ. ಯಾರು ಹೊಡೆದ್ರು?”

“ಹೊಳೇಲಿ ಒಬ್ಬರು ಮೇಷ್ಟ್ರು ಹೊಡೆದ್ರು ಅತ್ತೆ.”

“ನೀನ್ಯಾಕೆ ಹೊಳೆಗೆ ಹೋದೆ?”

ಎಲ್ಲವನ್ನೂ ಹೇಳಿದಳು. ಅತ್ತೆ ಕೇಳಿ ಮುಗಿಸಿ, ಒಳಗೆ ಹೋಗಿ ಬಿಸಿನೀರು ಕಾಯಿಸಿ ತಂದು, ತಾವೇ ಅವಳ ಕಾಲು ತೊಳೆದರು. ಅವಳು ಬೇಡ ಅತ್ತೆ, ಬೇಡ ಎಂದರೂ ಬಿಡಲಿಲ್ಲ.

ಮರುದಿನದಿಂದ ಕೆಲಸದ ರೀತಿಯೇ ಬದಲಾಯಿತು. ಅರ್ಧ ಕಿಲೋಮೀಟರಿನ ನಿಯಮವನ್ನು ಅಳಿಸಿ, ನೋಡದೇ ಬಿಟ್ಟಿದ್ದ ಸಾವಿರಾರು ಕಾಲ್ದಾರಿಗಳನ್ನು ಅವಳು ಒಂದೊಂದಾಗಿ ನೋಡಲು ಕೂತಳು. ತಿಳಿಯದ ಕಡೆ ಹಳೆಯ ಚಾಲಕರನ್ನು ಕೇಳಿದಳು. ಒಂದು ಕಡೆ ದಾರಿ ಕಲ್ಲುಗಣಿಯ ಬಾಯಿಗೆ ಹೋಗುತ್ತಿತ್ತು, ಇನ್ನೊಂದು ಕಡೆ ರೈಲು ಹಳಿಯ ಮೇಲೆ. ಒಂದೊಂದು ಸಿಕ್ಕಾಗಲೂ ಅಳಿಸಿಹಾಕಿದಳು. ಎಷ್ಟು ಜನ ಆ ದಾರಿಯಲ್ಲಿ ಹೋಗಿ ಏನೂ ಆಗದೆ ಮನೆ ಮುಟ್ಟಿದರೋ, ಯಾರು ಬಲ್ಲರು?

ಸಿಗ್ನಲ್ ಇಲ್ಲದ ಮೊಬೈಲಿಗೆ ಹೊಸ ಕಡತ ಮುಟ್ಟಿಸುವುದು ಹೇಗೆ ಎಂದು ಯಜಮಾನ ಎರಡು ವಾರ ತಲೆ ಕೆಡಿಸಿಕೊಂಡ. ಕೊನೆಗೆ ಬಸ್ಸುಗಳ ಮೂಲಕವೇ ಕಳಿಸುವ ದಾರಿ ಹುಡುಕಿದರು. ನಿರ್ವಾಹಕರು ಬೆಳಿಗ್ಗೆ ಡಿಪೋದಲ್ಲಿ ತಮ್ಮ ಮೊಬೈಲಿಗೆ ಕಡತ ಹಾಕಿಕೊಂಡು ಹೊರಡುವುದು, ಬಸ್ಸಿನಲ್ಲಿ ಪಕ್ಕದ ಮೊಬೈಲಿಗೆ ಅದು ನೆಟ್ ಇಲ್ಲದೆಯೇ ದಾಟಿಕೊಳ್ಳುವುದು. ಅದು ಸಿದ್ಧವಾಗುವವರೆಗೆ, ದಿನವೂ ಮಧ್ಯಾಹ್ನ, ಟೈಮಕ್ಕ ಗಿರಣಿ ದಡದಲ್ಲೂ ಯಜಮಾನ ಶಾಲೆ ದಡದಲ್ಲೂ ನಿಂತರು. ಎರಡೂ ನಿಲ್ದಾಣಗಳಿಗೆ ಬಣ್ಣದ ಅಕ್ಷರದ ಬೋರ್ಡು ಬರೆದುಕೊಟ್ಟವರು ಮೇಷ್ಟ್ರು. ಹತ್ತೊಂಬತ್ತು ದಿನಗಳಲ್ಲಿ ಮೊಬೈಲು ಹಿಡಿದು ಹೊಳೆಗೆ ಇಳಿಯಲು ಬಂದವರು ಮೂವರು. ಅವರಲ್ಲಿ ಒಬ್ಬಳು ದಾದಿ, ಬೋರ್ಡು ಓದಿಯೂ, “ಆದ್ರೆ ಇದರಲ್ಲಿ ದಾರಿ ಇದೆ ಅಂತಿದೆಯಲ್ಲ?” ಎಂದು ಮೊಬೈಲು ತೋರಿಸಿ ವಾದ ಮಾಡಿದಳು.

ಆಮೇಲಿನ ದೊಡ್ಡ ಜಗಳ ಕಚೇರಿಯ ಒಳಗೇ ನಡೆಯಿತು. ಇನ್ನುಮುಂದೆ ಪ್ರತಿ ಕಡತಕ್ಕೂ ಮೂವತ್ತು ದಿನದ ಆಯಸ್ಸು ಇರಬೇಕು, ಹೊಸದು ಸಿಗದಿದ್ದರೆ ಆ್ಯಪ್ ದಾರಿ ಹೇಳುವುದನ್ನು ನಿಲ್ಲಿಸಬೇಕು ಎಂದು ಟೈಮಕ್ಕ ಪಟ್ಟು ಹಿಡಿದಳು. “ನಿಲ್ಲಿಸಿ ಏನಂತ ಹೇಳೋದು ಅಕ್ಕ?” ಎಂದ ಯಜಮಾನ. ಅವಳು ಬರೆದು ಕೊಟ್ಟಳು: “ನನಗೆ ಈಗ ಸರಿಯಾಗಿ ಗೊತ್ತಿಲ್ಲ. ಅಲ್ಲಿರುವ ಯಾರನ್ನಾದರೂ ಕೇಳಿ.” ಅವನು ಅದನ್ನು ಓದಿ ನಕ್ಕ, ಆಮೇಲೆ ಸಿಟ್ಟಾದ. ಗೊತ್ತಿಲ್ಲ ಎನ್ನುವ ಆ್ಯಪನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವನು ಹೇಳಿದ್ದು ಸುಳ್ಳೇನಲ್ಲ, ಎಂಟುನೂರು ಜನ ಆ್ಯಪ್ ತೆಗೆದುಹಾಕಿದರು. ಆದರೂ ಆ ಸಾಲು ಉಳಿಯಿತು. ಹೊಳೆಯ ಅಂಚಿನಲ್ಲಿ ತಲೆಯ ಮೇಲೆ ಕೈ ಇಟ್ಟುಕೊಂಡು ಓಡಿದ್ದನ್ನು ಅವನೂ ಮರೆತಿರಲಿಲ್ಲ.

ಈಗ ಅವಳನ್ನು ಕಾಡುವುದು ಮೊದಲ ಕಡತ. ಅದಕ್ಕೆ ಆಯಸ್ಸೇ ಇಲ್ಲ, ಅದು ಸಾಯುವುದಿಲ್ಲ. ಯಾರದೋ ಮನೆಯ ಕಪಾಟಿನಲ್ಲಿ ಬಿದ್ದ ಹಳೆಯ ಮೊಬೈಲಿನಲ್ಲಿ, ಅಪ್ಪ ಬಿಟ್ಟದ್ದನ್ನು ಮಗ ಎತ್ತಿಕೊಂಡ ಮೊಬೈಲಿನಲ್ಲಿ, ಅದು ಹಾಗೇ ಏಳು ನಿಮಿಷ ಎನ್ನುತ್ತ ಕೂತಿರುತ್ತದೆ. ಹೊಸದನ್ನು ಪಡೆಯದ ಮೊಬೈಲುಗಳು ಎಷ್ಟು ಎಂಬುದನ್ನು ಮಾತ್ರ ಅವಳ ಪರದೆ ತೋರಿಸುತ್ತದೆ, ಯಾರವು ಎಂದು ತೋರಿಸುವುದಿಲ್ಲ. ಮೊದಲು ಇನ್ನೂರ ಹನ್ನೆರಡು ಇತ್ತು, ವರ್ಷ ಕಳೆಯುವಷ್ಟರಲ್ಲಿ ಮೂವತ್ತೊಂದಕ್ಕೆ ಇಳಿದಿದೆ. ಆ ಮೂವತ್ತೊಂದು ಕೆಟ್ಟುಹೋದ ಮೊಬೈಲುಗಳೇ ಇರಬಹುದು ಎಂದು ಯಜಮಾನ ಸಮಾಧಾನ ಹೇಳುತ್ತಾನೆ. ಇರಬಹುದು ಎಂದು ಅವಳೂ ಒಪ್ಪುತ್ತಾಳೆ.

ಹಾಗೆ ಒಪ್ಪಿಕೊಂಡವಳು ವಾರಕ್ಕೊಮ್ಮೆ, ಗಿರಣಿ ದಡಕ್ಕೆ ಹೋಗುವ ಒಂದೂ ಐವತ್ತರ ಬಸ್ಸಿನಲ್ಲಿ ಎಡಗಡೆಯ ಮೂರನೆಯ ಸೀಟಿನಲ್ಲಿ ಕೂತಿರುತ್ತಾಳೆ. ನಿರ್ವಾಹಕರಿಗೆಲ್ಲ ಗೊತ್ತು, ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ.